ಮೂರನೆಯ ಕೂಗು

ಗಂಗೆಯ ಗಂಟೆ ಇಲ್ಲ, ಉಳಿದ ದನಗಳು ಕತ್ತು ಅಲ್ಲಾಡಿಸಿದಾಗಲೆಲ್ಲ ಮರದ ಗಂಟೆಗಳು ಲೊಟಲೊಟ ಎನ್ನುತ್ತವೆ, ಆ ಸದ್ದಿನ ನಡುವೆ ಒಂದು ತೂತು, ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋದ ಹಾಗೆ ನನ್ನ ಕಿವಿ ಅಲ್ಲಿಗೇ ಹೋಗುತ್ತದೆ — ಕೊಟ್ಟಿಗೆಯ ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದೇನೋ, ಕೈಯಲ್ಲಿ ಹಾಲಿನ ಗಿಂಡಿ, ಕರೆದದ್ದು ಅರ್ಧ, ದುರ್ಗಿ ಉಳಿದ ಹಾಲು ಇಳಿಸಲಿಲ್ಲ, ನನ್ನ ಮನಸ್ಸು ಇಲ್ಲಿಲ್ಲದ್ದು ಅವಳ ಕೆಚ್ಚಲಿಗೆ ತಿಳಿದಿರಬೇಕು. ಗುಡ್ಡದ ಮರಗಳ ತುದಿಯಲ್ಲಿ ಇನ್ನೂ ಸ್ವಲ್ಪ ಬೆಳಕಿದೆ, ಬುಡದಲ್ಲಿ ಆಗಲೇ ಕಪ್ಪು, ಗಂಗೆಯನ್ನು ಹುಡುಕಿಕೊಂಡು ನಮ್ಮನೆಯವರು ಹೋದದ್ದು ಆ ಕಪ್ಪಿನೊಳಗೇ, ಹೆಗಲ ಮೇಲೆ ಹಗ್ಗ, ತಲೆಗೆ ಕಂಬಳಿ, ಸೊಂಟದಲ್ಲಿ ಕತ್ತಿ. ಈಗ ಹೋಗ್ಬೇಡಿ ಅಂದೆ, ಬೆಳಗಾಗ್ಲಿ ಅಂದೆ. ತುಂಬಿದ ಹಸು ಮಾರಾಯ್ತಿ, ಎಲ್ಲೋ ಪೊದೆ ಮಟ್ಟಿ ಸಂದಿಯಾಗೆ ಕರು ಹಾಕಿ ನೆಕ್ತಾ ನಿಂತದೆ, ಕರು ಬಿಟ್ಟು ಅದು ಮನಿಗೆ ಬತ್ತದಾ, ನಾ ಕರು ಎತ್ಕಂಡ್ರೆ ತಾಯಿ ತಾನಾಗಿ ಹಿಂದೆ ಬತ್ತದೆ, ನೀ ಒಲೆ ಮೇಲೆ ಬಿಸಿನೀರು ಇಡು, ಎಂದು ಹೊರಟೇಬಿಟ್ಟರು. ಹುಲಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ, ಸಂಜೆಯಾದ ಮೇಲೆ ಅದನ್ನು ನಾವು ದೊಡ್ಡದು ಎನ್ನುತ್ತೇವೆ, ಅದನ್ನೂ ಆಡಲಿಲ್ಲ, ಆದರೆ ಹೋದ ವಾರ ನಂದೊಳ್ಳಿಯ ಕಡೆ ಅದು ಒಂದು ಕಡಸನ್ನು ಎಳೆದುಕೊಂಡು ಹೋದದ್ದು ಇಬ್ಬರಿಗೂ ಗೊತ್ತಿತ್ತು. ದೀಪಾವಳಿಗೆ ಹುಲಿಯಪ್ಪನ ಕಲ್ಲಿಗೆ ಕಾಯಿ ಒಡೆದಿದ್ದೇವಲ್ಲ, ದನವನ್ನೂ ದನ ಕಾಯುವವರನ್ನೂ ಮುಟ್ಟಬೇಡಪ್ಪ ಎಂದು ಅವರೇ ಕೈ ಮುಗಿದದ್ದಲ್ಲವೇ, ಕಾಯಿ ಎರಡು ಹೋಳಾಗಿ ಚೆನ್ನಾಗಿಯೇ ಒಡೆದಿತ್ತು, ಹೌದು, ನಾನು ನೋಡಿದ್ದೇನೆ, ಚೆನ್ನಾಗಿಯೇ ಒಡೆದಿತ್ತು.

ಈ ಮನುಷ್ಯನಿಗೆ ಹೆದರಿಕೆಯನ್ನೇ ದೇವರು ಕೊಡಲಿಲ್ಲ, ಅವರ ಪಾಲಿನದನ್ನೂ ನನಗೇ ಕೊಟ್ಟ — ಮದುವೆಯಾಗಿ ಇಡಗುಂದಿಗೆ ಬಂದ ದಿನ ಅತ್ತೆ ಮೊದಲು ತೋರಿಸಿದ್ದು ಒಲೆಯನ್ನಲ್ಲ, ಕೊಟ್ಟಿಗೆಯನ್ನು, ಅಲ್ಲಿ ಇವರು ಮದುವೆಯ ಪಂಚೆಯಲ್ಲೇ ಕೂತು ಎತ್ತಿನ ಕಿವಿಯಿಂದ ಉಣ್ಣಿ ಹೆಕ್ಕುತ್ತಿದ್ದರು, ನನ್ನನ್ನು ನೋಡಿ ನಾಚಿ ಎತ್ತಿನ ಹಿಂದೆ ಹೋದರು, ಅಂದಿನಿಂದ ಎತ್ತಿನ ಹಿಂದೆಯೇ ಇದ್ದಾರೆ. ದನಕ್ಕೆ ಹುಲ್ಲು ಬೀಳದೆ ಅವರ ಬಾಯಿಗೆ ಅನ್ನ ಬೀಳುವುದಿಲ್ಲ. ನನ್ನ ಹೆಸರಿಗಿಂತ ಗಂಗೆಯ ಹೆಸರನ್ನೇ ಹೆಚ್ಚು ಕರೆದಿದ್ದಾರೆ, ಮುಂದಿನ ಜನ್ಮದಾಗೆ ನಾನೂ ಬಾಲ ಇಟ್ಕಂಡು ಹುಟ್ತೆ ಎಂದು ಕೆಣಕಿದರೆ, ಹುಟ್ಟು, ಒದೀಬೇಡ ಅಷ್ಟೆ, ಎಂದು ನಗುತ್ತಾರೆ. ದನಗಳಿಗೆ ದೊಡ್ಡರೋಗ ಬಂದ ವರ್ಷ ಮಾತ್ರ ನಗಲಿಲ್ಲ, ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ನಿಂತ ದನ ನಿಂತಲ್ಲೇ ಕುಸಿಯುತ್ತಿತ್ತು, ಹೊಂಡ ತೋಡಿ ತೋಡಿ ಅವರ ಅಂಗೈ ಸುಲಿದು ಹೋಯಿತು, ಕೊಟ್ಟಿಗೆಯಲ್ಲಿ ಉಳಿದದ್ದು ತಾಯಿ ಸತ್ತ ಒಂದು ಹೆಣ್ಣುಗರು, ಆ ಸುಲಿದ ಬೆರಳನ್ನೇ ಗಂಜಿತಿಳಿಯಲ್ಲಿ ಅದ್ದಿ ಚೀಪಿಸಿ ಬದುಕಿಸಿದರು, ಅದೇ ಈ ಗಂಗೆ. ಮುಂಬೈ ರಾಜ್ಯ ಹೋಗಿ ಮೈಸೂರು ರಾಜ್ಯ ಬಂತಂತೆ ಎಂದು ಯಲ್ಲಾಪುರದ ಸಂತೆಯಿಂದ ಸುದ್ದಿ ಬಂದಾಗ ಗಂಗೆ ಮೊದಲ ಕರು ಹಾಕಿತ್ತು, ಯಾರ ರಾಜ್ಯ ಬಂದ್ರೂ ಸಗಣಿ ಎತ್ತೋರು ನಾವೇ ಎಂದರು. ಗಂಗೆಯನ್ನು ಬಿಟ್ಟು ಬರುವವರಲ್ಲ, ನನಗೆ ಗೊತ್ತು, ಅದಕ್ಕೇ ಹೆದರಿಕೆ, ಬೇರೆ ಯಾವ ಹಸುವಾದರೂ ಆಗಿದ್ದರೆ —

ತಿಮ್ಮೀ.

ಅವರದೇ. ಗುಡ್ಡದ ಕಡೆಯಿಂದ, ಅವರದೇ ದನಿ, ಎದೆಯಲ್ಲಿದ್ದ ಕಲ್ಲು ಇಳಿಯಿತು, ಓ ಎನ್ನಲು ಬಾಯಿ ತೆರೆದೆ, ಅತ್ತೆ ಯಾವಾಗ ಬಂದು ಹಿಂದೆ ನಿಂತಿದ್ದರೋ, ಸೆರಗು ಹಿಡಿದು ಎಳೆದರು. ಓ ಅನ್ಬೇಡ, ಮೂರು ಕೂಗು ಆಗ್ಲಿ. ಅವರೇ ಅತ್ತೆ, ನಿಮ್ಮ ಮಗನೇ. ನನ್ನ ಮಗನ ದನಿ ನಂಗೆ ಗೊತ್ತಿಲ್ಲನೆ, ಅದ್ಕೇ ಹೇಳೂದು, ಮೂರಾಗ್ಲಿ. ಇಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಮೊದಲ ಕೂಗಿಗೆ ಓಗೊಡುವುದಿಲ್ಲ, ಎರಡಕ್ಕೂ ಇಲ್ಲ, ಕಾಡಿನಲ್ಲಿ ದೊಡ್ಡದರ ಬಾಯಿಗೆ ಬಿದ್ದು ಸತ್ತವರು ಮನೆಯವರ ದನಿಯಲ್ಲಿ ಕರೆಯುತ್ತಾರಂತೆ, ಎರಡೇ ಸಲ, ಮೂರನೆಯದು ಅವರಿಗೆ ಬರುವುದಿಲ್ಲ, ಮೂರು ಸಲ ಕರೆಯುವವನು ಬದುಕಿದ ಮನುಷ್ಯ. ಅತ್ತೆಯ ತಮ್ಮ ಮೊದಲ ಕೂಗಿಗೇ ಓ ಎಂದು ಎದ್ದು ಹೋದವನು, ಹಳ್ಳದಲ್ಲಿ ಹೆಣವಾಗಿ ಸಿಕ್ಕಿದ. ಇವರಿಗೂ ಈ ಲೆಕ್ಕ ಗೊತ್ತು, ಮೂರು ಸಲ ಕರೆದೇ ಕರೆಯುತ್ತಾರೆ, ಸೊಪ್ಪಿನ ಹೊರೆ ಇಳಿಸಲು ಕರೆದರೂ ಮೂರು ಸಲ.

ತಿಮ್ಮೀ...

ಎರಡು. ಇದು ಸಣ್ಣಗಿತ್ತು, ಕೊನೆಯಲ್ಲಿ ಎಳೆದ ಹಾಗಿತ್ತು, ಏರು ಹತ್ತಿ ದಣಿದಿರಬೇಕು, ಕರು ಭಾರ ಇರಬೇಕು, ಗಾಳಿ ಆ ಕಡೆಗಿರಬೇಕು — ನನ್ನ ಗಂಟಲಿಗೆ ಬಂದ ಓ ಅತ್ತೆಯ ಅಂಗೈಗೆ ಬಡಿದು ನಿಂತಿತು, ಸುಣ್ಣ ಹೊಗೆಸೊಪ್ಪಿನ ವಾಸನೆಯ ಕೈ, ಇನ್ನೊಂದು ಮಗಾ, ಇನ್ನೊಂದು ಕೂಗು ಹಾಕು ಮಗಾ, ಎಂದು ಕಿವಿಯ ಹತ್ತಿರ ಪಿಸುಗುಡುತ್ತಿದ್ದಾರೆ. ಈಗ ಬರುತ್ತದೆ. ಕೊಟ್ಟಿಗೆಯೊಳಗೆ ಕೆಂದಿ ಹಸು ಸೀನಿತು, ಸುಮ್ಮನಿರೆ, ಕೇಳಲಿ. ಒಬ್ಬ ಮನುಷ್ಯ ಮೂರನೆಯ ಸಲ ಕರೆಯಲು ಎಷ್ಟು ಹೊತ್ತು ಬೇಕು, ಉಸಿರು ತೆಗೆದುಕೊಳ್ಳಬೇಡವೇ, ಓ ಎಂದರೆ ಏನಾಗುತ್ತದೆ, ಸತ್ತರೆ ನಾನು ಸಾಯುತ್ತೇನೆ, ಆದರೆ ಅದು ಅವರಲ್ಲದಿದ್ದರೆ, ಅವರಲ್ಲದಿದ್ದರೆ ಅವರು ಆಗಲೇ — ಇಲ್ಲ, ಅದನ್ನು ಯೋಚಿಸಬಾರದು, ಮೂರನೆಯದು ಬರಲಿ, ಮರದ ತುದಿಯ ಬೆಳಕೂ ಹೋಯಿತು, ಬೇಲಿಬಾಗಿಲ ದಣಪೆಯ ಆಚೆ ತರಗೆಲೆ ಸದ್ದು, ಲೊಟ, ಲೊಟಲೊಟ, ಗಂಗೆಯ ಗಂಟೆ! ಬಂದರು ಅತ್ತೆ, ಬಂದರು!

ಗಂಗೆ ಓಡಿಯೇ ಬಂತು, ಅಂಗಳದ ನಡುವೆ ನಿಂತು ತಿರುಗಿ ಗುಡ್ಡದ ಕಡೆ ಕೂಗಿತು, ಹೊಟ್ಟೆ ಇಳಿದಿದೆ, ಕೆಚ್ಚಲು ಬಿಗಿದಿದೆ, ಹಿಂದೆ ಕರು ಇಲ್ಲ, ಕರುವನ್ನು ಎತ್ತಿಕೊಂಡವರೂ ಇಲ್ಲ. ಕತ್ತಿನಲ್ಲಿ ನಮ್ಮ ಹಗ್ಗ, ಅವರೇ ಹಾಕಿದ ಗಂಟು, ಉಳಿದ ಹಗ್ಗ ನೆಲದ ಮೇಲೆ ಉದ್ದಕ್ಕೆ ಎಳೆದುಕೊಂಡು ಬಂದಿದೆ, ತುದಿಯಲ್ಲಿ ಕುಣಿಕೆ. ಕರು ಹೆಗಲಲ್ಲಿದ್ದರೆ ಎರಡು ಕೈಯೂ ಅದಕ್ಕೇ ಬೇಕು, ಅದಕ್ಕೆ ತಾಯಿಯ ಹಗ್ಗವನ್ನು ಮಣಿಕಟ್ಟಿಗೆ ಕುಣಿಕೆ ಹಾಕಿಕೊಳ್ಳುತ್ತಾರೆ. ಕೈ ಹಾಕಿ ನೋಡಿದೆ, ಕುಣಿಕೆ ಒದ್ದೆ, ಬಿಸಿಯಾಗಿ ಒದ್ದೆ, ಹೆತ್ತ ಹಸುವಿನ ರಕ್ತ ಬಾಲದ ಹತ್ತಿರ ಇರಬೇಕು, ಹಗ್ಗದ ತುದಿಯಲ್ಲಲ್ಲ. ಹಾಗಾದರೆ ಎರಡು ಸಲ ಕರೆದದ್ದು ಅವರೇ, ಬದುಕಿದ್ದೇ ಕರೆದದ್ದು, ಓ ಎನ್ನಲಿ ಎಂದು, ಕೊಳ್ಳಿ ಹಿಡಿದು ಓಡಿ ಬರಲಿ ಎಂದು, ನಾವಿಬ್ಬರೂ ಇಲ್ಲಿ ಬಾಯಿ ಮುಚ್ಚಿಕೊಂಡು — ಓ ಎಂದೆ. ಅತ್ತೆಯೂ ಓ ಎಂದರು, ಕೆರಿಯಾ, ಓ ಕೆರಿಯಾ, ಓ, ಗುಡ್ಡದಿಂದ ಏನೂ ಇಲ್ಲ, ಗಂಗೆ ತಲೆ ಎತ್ತಿ ಕೂಗುತ್ತದೆ, ಅದು ತಲೆ ಎತ್ತಿದಾಗ ಹಗ್ಗ ಜರುಗುತ್ತದೆ, ಓ, ಕುಣಿಕೆ ಜರುಗುತ್ತದೆ, ಒಂದು ಕೈ ಹಿಡಿಸುವಷ್ಟು ಅಗಲ, ಓ, ನಿಲ್ಲುತ್ತದೆ, ಮತ್ತೆ ಜರುಗುತ್ತದೆ, ಒಳಗೆ ಕೈ ಇಲ್ಲ, ಕುಣಿಕೆ —