ಎಚ್ಚರ ಎಂಬ ಮಾತು

ದೊಡ್ಡಮ್ಮ "ಎಚ್ಚರ" ಎಂದಾಗ ಮೇಜಿನ ಸುತ್ತ ನಿಂತಿದ್ದ ನಾಲ್ವರೂ ನಕ್ಕರು.

ಕೆಟ್ಟ ನಗುವೇನಲ್ಲ. ಊಟ ಮುಗಿದ ಮೇಲಿನ ಹೊತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಆವಿ ತುಂಬಿಕೊಂಡು ಗೋಡೆ, ಕೊಳವೆ, ಮನುಷ್ಯರು ಎಲ್ಲವುಗಳ ಅಂಚೂ ಕರಗಿದಂತೆ ಕಾಣುತ್ತಿತ್ತು. ದೊಡ್ಡ ಯಂತ್ರಗಳು ಒಂದೇ ಸಮನೆ ತಿರುಗುತ್ತ ಯಾರನ್ನೋ ಮಲಗಿಸುವವರ ಹಾಗೆ ಗುನುಗುತ್ತಿದ್ದವು. ಅಂಥ ಹೊತ್ತಿನಲ್ಲಿ ಕಣ್ಣು ಎಳೆಯದಿರಲು ನಗುವುದಕ್ಕೊಂದು ನೆಪ ಬೇಕಾಗುತ್ತದೆ.

"ಎಚ್ಚರಮ್ಮನವರ ಭಾಷಣ ಶುರುವಾಯ್ತು" ಎಂದಳು ಒಬ್ಬಳು.

ಎಲ್ಲರಿಗಿಂತ ಹೆಚ್ಚು ನಕ್ಕವಳು ದೊಡ್ಡಮ್ಮನ ತಂಗಿಯ ಮಗಳು. ನಗುತ್ತಲೇ ಮುಂದಿದ್ದ ರಾಶಿಯೊಳಗೆ ಕೈ ಹಾಕಿದಳು. ಏನೋ ಚುಚ್ಚಿತು. ಮೆಲ್ಲಗೆ ಕೈ ಹೊರತೆಗೆದು, ಅದು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ನೀಲಿ ಕೈಗವಸಿನ ಮೇಲೆ, ಹೆಬ್ಬೆರಳಿನ ಬುಡದಲ್ಲಿ, ಸಾಸಿವೆ ಕಾಳಿನಷ್ಟು ಕೆಂಪು.

ದೊಡ್ಡಮ್ಮ ಹುಡುಗಿಯ ಮಣಿಕಟ್ಟು ಹಿಡಿದು ನಲ್ಲಿಯ ಬಳಿಗೆ ಎಳೆದುಕೊಂಡು ಹೋದಳು. ಗವಸು ಬಿಚ್ಚಿ, ಸೋಪು ಹಚ್ಚಿ, ಧಾರೆಯಾಗಿ ಬೀಳುವ ನೀರಿನ ಕೆಳಗೆ ಆ ಕೈಯನ್ನು ಎಷ್ಟೋ ಹೊತ್ತು ಹಿಡಿದುಕೊಂಡಿದ್ದಳು. ನೀರು ತಣ್ಣಗಿತ್ತು.

ಮೂವತ್ತೊಂದು ವರ್ಷದಿಂದ ದೊಡ್ಡಮ್ಮ ಆ ಮೇಜಿನ ಬಳಿ ನಿಂತು, ಮೇಲಿನ ವಾರ್ಡುಗಳಿಂದ ಇಳಿದು ಬರುವ ಕೊಳೆ ಬಟ್ಟೆಯನ್ನು ವಿಂಗಡಿಸುತ್ತಿದ್ದಳು. ಹಾಸುವ ಬಟ್ಟೆ ಒಂದು ಕಡೆ, ಹೊದೆಯುವುದು ಒಂದು ಕಡೆ, ರಕ್ತ ಹತ್ತಿದ್ದು ಬೇರೆಯೇ ಬುಟ್ಟಿಗೆ. ಅಜ್ಜಿಗೆ ಅರಿವೆ ಚಿಂತೆ ಅನ್ನುವ ಗಾದೆ ನನ್ನನ್ನು ನೋಡಿಯೇ ಮಾಡಿದ್ದು ಎಂದು ತಾನೇ ತಮಾಷೆ ಮಾಡಿಕೊಳ್ಳುವಳು. ತಂಗಿಯ ಮಗಳು ಕರೆಯುವುದನ್ನು ಕೇಳಿ ಕೇಳಿ ಅಲ್ಲಿ ಎಲ್ಲರಿಗೂ ಅವಳು ದೊಡ್ಡಮ್ಮನೇ ಆಗಿದ್ದಳು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಬಾಯ್ಲರಿನವನಿಗೂ.

ಎಚ್ಚರ ಎಂಬ ಮಾತು ಮೊದಮೊದಲು ಈ ನೆಲಮಾಳಿಗೆಯದಷ್ಟೇ ಆಗಿತ್ತು. ಮೇಲಿನವರು ಬಟ್ಟೆಯಲ್ಲಿ ಮರೆತ ಸೂಜಿಯೋ ಬ್ಲೇಡೋ ಮಿಂಚಿದರೆ, ಕಂಡವಳು "ಎಚ್ಚರ" ಎನ್ನುವಳು. ಅಷ್ಟಕ್ಕೇ ಮೇಜಿನ ಸುತ್ತಲಿನ ಕೈಗಳೆಲ್ಲ ಇದ್ದಲ್ಲೇ ನಿಂತುಬಿಡುವವು. ಒಂದು ದಿನ ಯಾರ ಕಣ್ಣಿಗೂ ಬೀಳದ ಸೂಜಿಯೊಂದು ದೊಡ್ಡಮ್ಮನ ತಂಗಿಯ ಬೆರಳಿಗೆ ಚುಚ್ಚಿತು. ಕೆಲವು ವರ್ಷಗಳಲ್ಲಿ ಅವಳ ಕಣ್ಣು ಹಳದಿಯಾಗುತ್ತ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ನಾಲ್ಕು ವರ್ಷದ ಮಗಳನ್ನು ಅಕ್ಕನ ಮಡಿಲಿಗೆ ಬಿಟ್ಟು ಹೋದಳು. ಮಾರನೆಯ ದಿನ ಹೆಂಗಸರು ಯಂತ್ರ ನಿಲ್ಲಿಸಿ ಆಸ್ಪತ್ರೆಯ ಮುಂದಿನ ಮೆಟ್ಟಿಲ ಮೇಲೆ ಕೂತರು. ಹಳೆಯ ಹಾಸುಬಟ್ಟೆಯೊಂದರ ಮೇಲೆ ನೀಲಿಯಲ್ಲಿ ಆ ಒಂದೇ ಮಾತು ಬರೆದು ಎರಡು ಕಂಬಗಳ ನಡುವೆ ಕಟ್ಟಿದರು. ಹನ್ನೊಂದು ದಿನ ಕೂತರು.

ಆ ಹನ್ನೊಂದು ದಿನದಲ್ಲಿ ಮಾತು ಮೆಟ್ಟಿಲಿಳಿದು ಊರೊಳಗೆ ಹೋಯಿತು. ಬಸ್ಸಿನವರು ಹಿಡಿದರು, ಶಾಲೆಯ ಮೇಷ್ಟ್ರುಗಳು ಹಿಡಿದರು, ಬಾಡಿಗೆ ಮನೆಯವರು ಬಾಗಿಲ ಮೇಲೆ ಬರೆದುಕೊಂಡರು. ಇನ್ನೊಬ್ಬರಿಗಾಗುವ ಅನ್ಯಾಯ ಕಂಡಾಗ ಕಣ್ಣು ಮುಚ್ಚಿಕೊಳ್ಳದವರು ಎಚ್ಚರದವರು. ಅವಳು ಎಚ್ಚರದವಳು ಎಂದರೆ ಜನ ಎದ್ದು ಕೂರಲು ಜಾಗ ಬಿಡುತ್ತಿದ್ದ ಕಾಲವೊಂದಿತ್ತು. ಆಮೇಲೆ ಮಂತ್ರಿಗಳು ಅದನ್ನು ಎದೆಗೆ ಸಿಕ್ಕಿಸಿಕೊಂಡರು. ಹಾಸಿಗೆ ಮಾರುವವನೊಬ್ಬ "ಎಚ್ಚರದವರಿಗೂ ನಿದ್ದೆ ತರುವ ಹಾಸಿಗೆ" ಎಂದು ಬಸ್ ನಿಲ್ದಾಣದಲ್ಲಿ ಬೋರ್ಡು ಹಾಕಿಸಿದ. ದೊಡ್ಡಮ್ಮನಿಗೆ ಅದನ್ನು ಓದಿ ನಗು ಬಂದಿತ್ತು. ಆಮೇಲಾಮೇಲೆ ಫೋನಿನಲ್ಲಿ ಎಚ್ಚರದವರನ್ನು ಅಣಕಿಸುವ, ಕಣ್ಣು ಮುಚ್ಚದ ಗೂಬೆಯ ಚಿತ್ರಗಳು ಬರತೊಡಗಿದವು. ಚಹಾಕ್ಕೆ ಸಕ್ಕರೆ ಕಮ್ಮಿ ಎಂದವನಿಗೂ "ಬಂದ್ರಪ್ಪ ಎಚ್ಚರದವರು" ಎಂಬ ಉತ್ತರ. ಎಲ್ಲದರಲ್ಲೂ ಹುಳುಕು ಹುಡುಕುವವಳು ಎಚ್ಚರಮ್ಮ, ಉಪದೇಶ ಮಾಡುವವನು ಎಚ್ಚರಪ್ಪ. ಹಾಲು ಯಾವ ಗಳಿಗೆಯಲ್ಲಿ ಒಡೆಯಿತೆಂದು ಯಾರೂ ಕೂತು ನೋಡಿರುವುದಿಲ್ಲ. ದೊಡ್ಡಮ್ಮ ಮಾತ್ರ ಮೇಜಿನ ಬಳಿ ಮೊದಲಿನ ದನಿಯಲ್ಲೇ, ಮೊದಲಿನ ಅರ್ಥದಲ್ಲೇ ಅದನ್ನು ಹೇಳುತ್ತ ಬಂದಿದ್ದಳು.

ಅಂದು ಸಂಜೆ ನಾಲ್ಕಕ್ಕೆ ಮೇಲ್ವಿಚಾರಕ ಅವಳನ್ನು ಕರೆಸಿದ. ಮೂವತ್ತು ದಾಟಿರದವನು, ಮೃದು ಸ್ವಭಾವದವನು. ಅವನ ಗಾಜಿನ ಕೋಣೆಯ ಹೊರಗೆ ಆವಿ ಬಂದು ಬಂದು ತಾಗುತ್ತಿತ್ತು. ಮೋಡದೊಳಗೆ ಕುರ್ಚಿ ಹಾಕಿಕೊಂಡು ಕೂತಂತಿತ್ತು. ಮುಂದೆ ಒಂದು ಅರ್ಜಿ. ಅಪಘಾತವಾದಾಗ ತುಂಬುವ ಆ ಅರ್ಜಿಯೂ ಹನ್ನೊಂದು ದಿನ ಮೆಟ್ಟಿಲ ಮೇಲೆ ಕೂತಿದ್ದರ ಫಲವೇ. ಪ್ರತಿ ಮೇಜಿಗೊಬ್ಬ ಹಿರಿಯಳು ಇರಬೇಕು, ಅಪಾಯ ಕಂಡರೆ ಹೇಳುವ ಹೊಣೆ ಅವಳದು ಎಂದು ಆಗಲೇ ನಿಯಮವಾಗಿತ್ತು.

"ಇಲ್ಲೊಂದು ಪ್ರಶ್ನೆ ಇದೆ ದೊಡ್ಡಮ್ಮ" ಎಂದ ಅವನು. "ಎಚ್ಚರಿಕೆ ಕೊಡಲಾಗಿತ್ತೇ ಅಂತ. ಹೌದು ಅಂದ್ರೆ ಹುಡುಗಿ ಕೇಳಲಿಲ್ಲ, ಅವಳದೇ ತಪ್ಪು. ಮಾತ್ರೆ, ರಜೆ ಎಲ್ಲ ಅವಳ ಪಾಡು."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಆಸ್ಪತ್ರೆಯವರು ನೋಡ್ಕೋತಾರೆ. ಆದ್ರೆ ಹಿರಿಯಳ ಕೆಲಸ ನಿಮ್ಮ ಕೈಲಿ ಇರಲ್ಲ. ಮಡಚೋ ಕೋಣೆಗೆ ಹಾಕ್ಬೇಕಾಗುತ್ತೆ." ಅವನು ಪೆನ್ನಿನ ಮುಚ್ಚಳ ತಿರುಗಿಸಿದ. "ಆ ಚಿಂತೆ ನಿಮಗೆ ಬೇಡ ಬಿಡಿ. ಉಳಿದವರೆಲ್ಲ ನೀವು ಹೇಳಿದ್ರಿ ಅಂತಾನೇ ಹೇಳಿದಾರೆ. ಆ ಹುಡುಗೀನೂ."

"ಅವಳು ಏನಂದ್ಲು?"

"ದೊಡ್ಡಮ್ಮ ಹೇಳಿದ್ರು, ನಾನು ತಮಾಷೆ ಅಂದ್ಕೊಂಡೆ, ಅಂದ್ಲು."

ದೊಡ್ಡಮ್ಮ ಗಾಜಿನಾಚೆ ನೋಡಿದಳು. ಆವಿಯಲ್ಲಿ ಯಾರೋ ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ಸೊಂಟ ಸ್ವಲ್ಪ ವಾಲಿಸಿ ನಡೆಯುವ ಆ ರೀತಿ ತಂಗಿಯದೇ ಅನಿಸಿತು. ಹಾಗೆ ಅನಿಸುವುದು ಹೊಸದಲ್ಲ. ಮಧ್ಯಾಹ್ನದ ಆವಿಯಲ್ಲಿ ತಂಗಿ ಎಷ್ಟೋ ಸಲ ಹೀಗೆ ಬಂದು ಒಣಗಿಸುವ ಯಂತ್ರಗಳ ಕಡೆ ನಡೆದುಹೋಗುತ್ತಿದ್ದಳು.

"ಎಚ್ಚರಿಕೆ ಕೊಡಲಿಲ್ಲ ಅಂತ ಬರ್ಕೊಳ್ಳಿ" ಎಂದಳು.

"ಎಲ್ಲರೂ ಕೇಳಿಸ್ಕೊಂಡಿದಾರಲ್ಲ ದೊಡ್ಡಮ್ಮ."

"ಕೇಳಿಸ್ಕೊಂಡಿದ್ದು ಒಂದು ಮಾತು. ಅದನ್ನ ಕೇಳಿ ಯಾರ ಕೈಯೂ ನಿಲ್ಲಲಿಲ್ಲ. ಕೈ ನಿಲ್ಲಿಸದ ಮೇಲೆ ಅದು ಎಚ್ಚರಿಕೆ ಹೇಗಾಗುತ್ತೆ ಸಾರ್? ಅವರು ನಗ್ತಾರೆ ಅಂತ ನಂಗೆ ಗೊತ್ತಿತ್ತು. ದಿನಾ ನಗ್ತಿದ್ರು. ಗೊತ್ತಿದ್ದೂ ಅದನ್ನೇ ಹೇಳ್ತಾ ಇದ್ದೆ."

"ಮೂವತ್ತೊಂದು ವರ್ಷ ಆ ಮೇಜಿನ ಹತ್ರ ಇದ್ದೀರಿ."

"ಹೌದು. ಬರ್ಕೊಳ್ಳಿ."

ಮೇಲ್ವಿಚಾರಕ ತಲೆ ತಗ್ಗಿಸಿದ. ಹಿಂದಿನ ವಾರವಷ್ಟೇ ಗೂಬೆಯ ಚಿತ್ರವೊಂದನ್ನು ಎಲ್ಲರ ಫೋನಿಗೂ ಕಳಿಸಿದ್ದವನು ಅವನೇ. "ಇಲ್ಲ" ಎಂದು ಬರೆದ. ಬರೆದು, ಶಾಯಿ ಒಣಗಿರಲಿಕ್ಕಿಲ್ಲ ಎಂಬಂತೆ ಸುಮ್ಮನೆ ಅದರ ಮೇಲೆ ಊದಿದ.

ಸೂಜಿಯಿಂದ ಸೋಂಕು ಅಂಟದಿರಲೆಂದು ಇಪ್ಪತ್ತೆಂಟು ದಿನ ಮಾತ್ರೆ. ಆರು ವಾರವಾದ ಮೇಲೆ ಒಂದು ರಕ್ತ ಪರೀಕ್ಷೆ, ಮೂರು ತಿಂಗಳಿಗೆ ಇನ್ನೊಂದು. ಮಾತ್ರೆ ನುಂಗಿದರೆ ಹುಡುಗಿಗೆ ಹೊಟ್ಟೆ ತೊಳೆಸುವುದು, ಆಮೇಲೆ ಮಂಪರು. ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕ ಮಲಗಿರುತ್ತಿದ್ದಳು. ಬಿಸಿಲು ಅವಳ ಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಮುಖಕ್ಕೆ ಏರಿ ಗೋಡೆ ಹತ್ತಿ ಹೋಗುವುದು. ದೊಡ್ಡಮ್ಮ ಕೆಲಸದಿಂದ ಬಂದವಳೇ ಮೊದಲು ಅವಳ ಕಣ್ಣು ನೋಡುವಳು. ನೋಡಿದ್ದು ಗೊತ್ತಾಗದಿರಲೆಂದು ಹಣೆ ಮುಟ್ಟಿ ಜ್ವರ ನೋಡುವವಳಂತೆ ಮಾಡುವಳು.

"ಬಿಳಿ ಇದೆಯಾ?" ಎಂದು ಕೇಳಿದಳು ಹುಡುಗಿ ಒಂದು ಸಂಜೆ.

"ಏನು?"

"ಕಣ್ಣು. ದಿನಾ ಅದನ್ನೇ ತಾನೆ ನೋಡೋದು ನೀನು?"

ದೊಡ್ಡಮ್ಮ ಹಾಸಿಗೆಯ ಅಂಚಿಗೆ ಕೂತಳು. ಕೆಳಗಿನ ಬೀದಿಯಲ್ಲಿ ಮಕ್ಕಳು ಚೆಂಡು ಆಡುವ ಸದ್ದು, ಬಹಳ ದೂರದಿಂದ ಬಂದಂತೆ.

"ಬಿಳಿ ಇದೆ" ಎಂದಳು.

"ನಾನು ಹಂಗೆ ನಗಬಾರದಿತ್ತು."

"ಎಲ್ಲರೂ ನಗ್ತಾರೆ. ನಿಂಗೆ ಒಬ್ಬಳಿಗೇ ಏನು."

"ನಂಗೆ ನಾಚಿಕೆ ಆಗ್ತಿತ್ತು ದೊಡ್ಡಮ್ಮ. ನಮ್ಮ ದೊಡ್ಡಮ್ಮನ್ನ ಎಚ್ಚರಮ್ಮ ಅಂತಾರಲ್ಲ ಅಂತ. ಅದಕ್ಕೇ ಎಲ್ಲರಿಗಿಂತ ಜೋರಾಗಿ ನಗ್ತಿದ್ದೆ." ಹುಡುಗಿ ಗೋಡೆಯ ಕಡೆ ಮುಖ ಮಾಡಿದಳು. ಅರ್ಧ ನಿದ್ದೆಯಲ್ಲಿ ಕೇಳಿದಳು: "ಸೂಜಿ ಕಂಡ್ರೆ ಸೂಜಿ ಅಂತಾನೇ ಯಾಕೆ ಹೇಳ್ತಿರಲಿಲ್ಲ ನೀವೆಲ್ಲ?"

ಅದನ್ನು ಯಾರೂ ಕೇಳಿರಲಿಲ್ಲ. ಮೆಟ್ಟಿಲ ಮೇಲೆ ಕೂತಾಗ ಪತ್ರಿಕೆಯವರು ಕೇಳಿರಲಿಲ್ಲ, ವೇದಿಕೆಗೆ ಕರೆದು ಹಾರ ಹಾಕಿದವರೂ ಕೇಳಿರಲಿಲ್ಲ.

"ಹೇಳೋ ಹಾಗಿರಲಿಲ್ಲ" ಎಂದಳು ದೊಡ್ಡಮ್ಮ. "ಬಟ್ಟೇಲಿ ಸೂಜಿ ಬರೋದೇ ಇಲ್ಲ ಅಂತ ಮೇಲಿನವರು ಬರೆದು ಕೊಟ್ಟಿದ್ರು. ಸೂಜಿ ಅಂದವಳು ಅವರ ಮೇಲೆ ದೂರು ಹೇಳಿದ ಹಾಗೆ. ಮಾರನೇ ದಿನ ಕೆಲಸಕ್ಕೆ ಕರೀತಿರಲಿಲ್ಲ. ಇಬ್ಬರು ಹಂಗೇ ಹೋದ್ರು. ಆಗ ನಿಮ್ಮಮ್ಮ ಹೇಳಿದ್ಲು, ಎಚ್ಚರ ಅನ್ನೋಣ ಕಣೇ ಅಕ್ಕ, ಆ ಮಾತಿಗೆ ಯಾರು ಏನು ಮಾಡೋಕಾಗುತ್ತೆ ಅಂತ."

ಹುಡುಗಿ ತಿರುಗಿ ಅವಳನ್ನು ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಲುಕುವ ಹಾಗೆ. ನಗುತ್ತ ನಗುತ್ತ ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಏಳುವಷ್ಟರಲ್ಲಿ ಹುಡುಗಿಗೆ ನಿದ್ದೆ ಹತ್ತಿತ್ತು.

ಆರು ವಾರದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಮೂರು ತಿಂಗಳದ್ದರಲ್ಲೂ ಇಲ್ಲ. ವೈದ್ಯೆ ಕಾಗದವನ್ನು ಮೇಜಿನ ಮೇಲೆ ಸರಿಸಿ "ಇನ್ನು ಬರೋ ಅಗತ್ಯ ಇಲ್ಲ" ಎಂದಾಗ ಹುಡುಗಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ದೊಡ್ಡಮ್ಮ ಬಾಗಿಲ ಬಳಿ ನಿಂತೇ ಇದ್ದಳು. ಮನೆಗೆ ಬರುವ ಬಸ್ಸಿನಲ್ಲಿ ದೊಡ್ಡಮ್ಮ ಹುಡುಗಿಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಎರಡು ನಿಲ್ದಾಣ ಮುಂದೆ ಹೋಗಿ ಇಳಿಯಬೇಕಾಯಿತು.

ಹುಡುಗಿ ಮತ್ತೆ ವಿಂಗಡಿಸುವ ಮೇಜಿಗೆ ಹೋದಳು. ಬೇರೆ ಕಡೆ ಹಾಕುತ್ತೇನೆ ಎಂದ ಮೇಲ್ವಿಚಾರಕನಿಗೆ "ಅಲ್ಲೇ ಇರ್ತೀನಿ ಸಾರ್, ನಂಗೆ ಅಲ್ಲಿನ ಕೆಲಸ ಗೊತ್ತು" ಎಂದಳಂತೆ. ದೊಡ್ಡಮ್ಮ ಗೋಡೆಯಾಚೆಯ ಮಡಚುವ ಕೋಣೆಯಲ್ಲಿದ್ದಳು. ಅಲ್ಲಿ ಬಟ್ಟೆ ಶುಭ್ರವಾಗಿ, ಬೆಚ್ಚಗೆ, ಉರುಳೆಗಳ ನಡುವಿನಿಂದ ಇಸ್ತ್ರಿಯಾಗಿ ಬರುತ್ತಿತ್ತು. ಎದುರಿಗೆ ಒಬ್ಬಳು ಎರಡು ಮೂಲೆ ಹಿಡಿದರೆ ಈ ಕಡೆ ಇವಳು ಎರಡು ಮೂಲೆ. ಎಳೆದು, ಜಾಡಿಸಿ, ನಡೆದು ಹತ್ತಿರ ಬಂದು, ಮೂಲೆಗೆ ಮೂಲೆ ಸೇರಿಸಿ, ಮತ್ತೆ ಹಿಂದಕ್ಕೆ. ಮೊದಲ ವಾರ ಅವಳ ಬೆರಳುಗಳಿಗೆ ಏನೋ ಕಳೆದುಹೋದಂತೆ ಅನಿಸುತ್ತಿತ್ತು. ಪ್ರತಿ ಮಡಿಕೆಯನ್ನೂ ತಡೆದು ತಡೆದು ಮುಟ್ಟುವಳು. ಎದುರಿನವಳು "ಇಲ್ಲಿ ಏನಿರುತ್ತೆ ದೊಡ್ಡಮ್ಮ, ಬರೀ ಬಟ್ಟೆ" ಎಂದು ನಕ್ಕಿದ್ದಳು.

ಒಂದು ಮಧ್ಯಾಹ್ನ ಇಬ್ಬರೂ ಒಂದು ದೊಡ್ಡ ಹಾಸುಬಟ್ಟೆ ಎತ್ತಿದ್ದರು. ಗೋಡೆಯಾಚೆಯಿಂದ ಹುಡುಗಿಯ ದನಿ ಕೇಳಿತು.

"ಸೂಜಿ."

ಅಷ್ಟೇ. ಜೋರಾಗಿಯೇನೂ ಅಲ್ಲ. ಆ ಮೇಜಿನ ಸದ್ದೆಲ್ಲ ಒಮ್ಮೆಗೇ ನಿಂತಿತು. ಯಾರೂ ನಗಲಿಲ್ಲ. ಇಕ್ಕಳ ತಗಡಿನ ಡಬ್ಬಿಗೆ ತಾಗಿದ ಸಣ್ಣ ಸದ್ದು. ಆಮೇಲೆ ಗಾಡಿಯ ಚಕ್ರ, ಮಾತು, ಯಂತ್ರದ ಗುನುಗು ಮತ್ತೆ ಹರಿಯತೊಡಗಿದವು.

"ಹಿಡ್ಕೊಳ್ಳಿ ದೊಡ್ಡಮ್ಮ" ಎಂದಳು ಎದುರಿನವಳು.

ದೊಡ್ಡಮ್ಮನ ಕೈಗಳು ಬಟ್ಟೆಯನ್ನು ಬಿಟ್ಟು ಗಾಳಿಯಲ್ಲಿ ನಿಂತಿದ್ದವು. ಅವಳ ಕಡೆಯ ಎರಡು ಮೂಲೆಗಳು ಜಾರಿದ್ದವು. ಒಳಗೆ ಬಿಸಿ ಗಾಳಿ ತುಂಬಿಕೊಂಡಿದ್ದ ಬಿಳಿ ಬಟ್ಟೆ ನಡುವೆ ಗುಡ್ಡದಂತೆ ಉಬ್ಬಿ, ಕೆಳಗೆ ಬೀಳಲು ಅವಸರವೇ ಇಲ್ಲವೆಂಬಂತೆ, ಬಹಳ ನಿಧಾನವಾಗಿ ಇಳಿಯುತ್ತಿತ್ತು.