ಬೆಂಕಿಮಾವನ ಗಾಜಿನ ಗುಂಡು

ಬೆಂಕಿಮಾವ ಅಳಿಯನ ಮೀನಖಂಡಕ್ಕೆ ಹಲ್ಲು ಊರಿದಾಗ ಅವನ ಬಾಯಲ್ಲಿ ಉಳಿದಿದ್ದ ಹಲ್ಲುಗಳೇ ಕಡಿಮೆ. ಆದರೆ ಉಳಿದಿದ್ದವು ಮೂವತ್ತೆರಡರ ಕೆಲಸವನ್ನೂ ತಾವೇ ವಹಿಸಿಕೊಂಡವು. ಏಣಿಯ ಮೇಲಿದ್ದ ಅಳಿಯ ಕಿರುಚಿದ ರಭಸಕ್ಕೆ ಹಾಸಿಗೆ ಕಾರ್ಖಾನೆಯ ಸೂರು ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ಮೂಲೆಯಲ್ಲಿ ಹಾಸಿಗೆಯ ಅಂಚು ಹೊಲಿಯುತ್ತಿದ್ದ ಹೊಲಿಗೆಯಮ್ಮ ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡು, ಇಬ್ಬರ ವಂಶಕ್ಕೂ ಸೇರಿಸಿ ಒಂದೇ ಬೈಗುಳ ಬೈದಳು.

"ಬಿಡಿ ಮಾವ! ನಾಯಿ ಕಚ್ಚಿದ್ರೆ ಇಂಜೆಕ್ಷನ್ ಇದೆ. ನೀವು ಕಚ್ಚಿದ್ರೆ ಏನಿದೆ?"

ಮಾವ ಬಿಡಲಿಲ್ಲ. ಅಳಿಯ ಕಾಲು ಝಾಡಿಸಿದ. ಮುದುಕ ಹಾರಿ ಹೋಗಿ ಹತ್ತಿಯ ರಾಶಿಯ ಮೇಲೆ ಬಿದ್ದ. ಅವನ ಹಿಂದೆಯೇ ಸುತ್ತಿಗೆ, ಗೋಡೆಯಿಂದ ಕಿತ್ತ ಒಂದು ಕಬ್ಬಿಣದ ಬಳೆ, ಅದನ್ನು ಹಿಡಿದಿದ್ದ ಮೊಳೆಗಳು ಎಲ್ಲವೂ ಉದುರಿದವು. ಬಳೆಯೊಳಗಿದ್ದ ಗಾಜಿನ ಗುಂಡನ್ನು ಮಾತ್ರ ಅಳಿಯ ಎದೆಗವಚಿಕೊಂಡು ಉಳಿಸಿದ. ಮಾವ ಎದ್ದವನೇ ಹತ್ತಿ ಬಡಿಯುವ ಕೋಲು ತೆಗೆದುಕೊಂಡು ಏಣಿಯ ಕಾಲಿಗೆ ಬಾರಿಸಿದ. ಏಣಿ ಒಂದು ಕಡೆ, ಅಳಿಯ ಒಂದು ಕಡೆ. ಆಮೇಲೆ ಇಬ್ಬರೂ ಹತ್ತಿಯಲ್ಲಿ ಉರುಳಾಡಿದರು. ಒಬ್ಬನ ಬಾಯಲ್ಲಿ ಇನ್ನೊಬ್ಬನ ಕಿವಿ, ಆ ಇನ್ನೊಬ್ಬನ ಮುಷ್ಟಿಯಲ್ಲಿ ಇವನ ಕೂದಲು. ಅಷ್ಟು ಹೊತ್ತು ಗುದ್ದಾಡಿದರೂ ಇಬ್ಬರೂ ಸರದಿಯ ಮೇಲೆ ಆ ಗುಂಡನ್ನು ಒಡೆಯದಂತೆ ಕಾಪಾಡಿಕೊಂಡರು. ಅದು ಆ ಮನೆಯ ಅಭ್ಯಾಸ.

ಅಂಥ ಗುಂಡುಗಳು ಆ ಕೋಣೆಯ ಗೋಡೆಯುದ್ದಕ್ಕೂ, ಒಂದೊಂದು ಮಾರಿನ ಅಂತರದಲ್ಲಿ, ಬಳೆಗಳಲ್ಲಿ ಕೂತಿದ್ದವು. ದಪ್ಪ ಮಾವಿನಕಾಯಿಯ ಗಾತ್ರದ ಗಾಜಿನ ಚೆಂಡು, ಒಳಗೆ ಕೆಂಪು ಬಣ್ಣದ ದ್ರವ. ಬೆಂಕಿ ಬಿದ್ದರೆ ತೆಗೆದು ಎಸೆಯಬೇಕು, ಒಡೆಯಬೇಕು, ಬೆಂಕಿ ಆರಬೇಕು. ಇದ್ದ ವಿದ್ಯೆ ಇಷ್ಟೇ. ಆದರೆ ಬೆಂಕಿಮಾವ ವಯಸ್ಸಿನಲ್ಲಿ ಇವುಗಳನ್ನು ಮಾರಿದ ಬಗೆ ಮಾತ್ರ ಇಷ್ಟೇ ಎನ್ನುವಂಥದ್ದಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ಹಲಗೆಯ ಗುಡಿಸಲು ಕಟ್ಟಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರುತ್ತಿದ್ದ. ಉರಿ ಆಳೆತ್ತರ ಏರುವವರೆಗೂ ಬೆನ್ನು ತಿರುಗಿಸಿ ನಿಂತು ಜನರೊಂದಿಗೆ ಹರಟುತ್ತಿದ್ದ. ಹೆಂಗಸರು ಅಯ್ಯೋ ಎನ್ನುವಾಗ, ಹಿಂದಕ್ಕೆ ನೋಡದೆ ಹೆಗಲ ಮೇಲಿಂದ ಒಂದು ಗುಂಡು ಎಸೆಯುತ್ತಿದ್ದ. ಬೆಂಕಿ ಬೈಸಿಕೊಂಡ ಮಗುವಿನ ಹಾಗೆ ಕೂತುಬಿಡುತ್ತಿತ್ತು. ಇನ್ನೊಂದು ಗುಂಡು ಒಡೆದು ದ್ರವವನ್ನು ಕೈಗೆ ಸುರಿದುಕೊಂಡು ಅಂಗಿಯ ಎಣ್ಣೆ ಕಲೆ ಉಜ್ಜಿ ತೋರಿಸುತ್ತಿದ್ದ. "ನೋಡಿ ಸ್ವಾಮಿ, ಬೆಂಕೀನೂ ಆರಿಸುತ್ತೆ, ಬಟ್ಟೆನೂ ಒಗೆಯುತ್ತೆ. ಹೆಂಡತಿ ಬಿಟ್ರೆ ಎರಡೂ ಕೆಲಸ ಮಾಡೋದು ಇದೊಂದೇ!" ಸಿನಿಮಾ ಮಂದಿರ, ಆಸ್ಪತ್ರೆ, ಶಾಲೆ, ಹಡಗು, ಎಲ್ಲೆಲ್ಲೂ ಅವನ ಗುಂಡು. ಅವನ ಮಾತು ನಂಬುವುದಾದರೆ ಆ ಕಾಲದಲ್ಲಿ ಸೂರ್ಯ ಸಂಜೆ ಆರುತ್ತಿದ್ದದ್ದೂ ಅವನು ಎಸೆದ ಮೇಲೆಯೇ.

ಆಮೇಲೆ ಗುಂಡು ತಯಾರಿಸುತ್ತಿದ್ದ ಕಂಪನಿ ಮುಚ್ಚಿತು. ಬೇರೆ ಗೋಡೆಗಳಿಂದ ಗುಂಡುಗಳು ಸದ್ದಿಲ್ಲದೆ ಇಳಿದವು. ಇಲ್ಲಿ ಮಾತ್ರ ಉಳಿದವು. ದಿನಾ ಬೆಳಿಗ್ಗೆ ಬೆಂಕಿಮಾವ ಒದ್ದೆ ಬಟ್ಟೆ ಹಿಡಿದು ಒಂದೊಂದನ್ನೂ ಒರೆಸುತ್ತಿದ್ದ. ಮಗಳ ಮುಖವನ್ನೂ ಅವನು ಚಿಕ್ಕಂದಿನಲ್ಲಿ ಅಷ್ಟು ಒರೆಸಿರಲಿಲ್ಲ.

ಆ ಮಗಳು ಈಗ ಬಾಗಿಲಲ್ಲಿ ನಿಂತಿದ್ದಳು. ಕಾರ್ಖಾನೆ ನಡೆಸುವವಳು ಅವಳು. ಗಂಡನ ಕೂದಲು, ಅಪ್ಪನ ಕಾಲರ್, ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬೇರ್ಪಡಿಸಿದಳು. ಹತ್ತಿ ಮೂಟೆ ಎತ್ತಿ ಎತ್ತಿ ಆ ತೋಳುಗಳಿಗೆ ಬಂದಿದ್ದ ಶಕ್ತಿಗೆ ಎತ್ತುಗಳೂ ದಾರಿ ಬಿಡಬೇಕು.

"ಇನ್ನೊಂದು ಏಟು ಬಿತ್ತೋ, ಇಬ್ಬರನ್ನೂ ಹಿಂಜೋ ಮಿಷನ್‌ಗೆ ತುರುಕಿ ದಿಂಬು ಮಾಡ್ತೀನಿ. ಹಾಸ್ಟೆಲ್‌ನೋರ ಹಾಸಿಗೆ ಸಂಜೆ ಗಾಡಿಗೆ ಹೋಗ್ಬೇಕು."

"ನಿನ್ ಗಂಡ ನನ್ ಗುಂಡು ಮುಟ್ಟಿದ."

"ನಾನೇ ಹೇಳಿದ್ದು. ಅಗ್ನಿಶಾಮಕದ ಇನ್‌ಸ್ಪೆಕ್ಟರ್ ನಿನ್ನೆ ಏನಂದ್ರು, ನೀನೇ ಕೇಳಿಸ್ಕೊಂಡ್ಯಲ್ಲಪ್ಪ? ಅದ್ರೊಳಗಿರೋದು ಬೆಂಕಿ ತಾಗಿದ್ರೆ ವಿಷದ ಗಾಳಿ ಆಗುತ್ತಂತೆ. ಯುದ್ಧದಲ್ಲಿ ಜನಾನ್ನ ಕೊಲ್ಲೋಕೆ ಬಿಡ್ತಿದ್ರಂತಲ್ಲ, ಅಂಥದ್ದು."

"ಮೀಸೆ ಬರದ ಹುಡುಗ, ಅವನಿಗೇನು ಗೊತ್ತು? ಈ ಕೈ ತೊಳ್ದಿದೀನಿ ಅದ್ರಲ್ಲಿ. ನಿಮ್ಮಮ್ಮ ನಿನ್ ಸ್ಕೂಲ್ ಬಟ್ಟೆ ಕಲೆ ತೆಗೀತಿದ್ದದ್ದು ಅದ್ರಲ್ಲೇ, ವರ್ಷಗಟ್ಟಲೆ."

"ಹೌದು," ಎಂದಳು ಮಗಳು. "ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ತೆಗೀತಿದ್ಲು. ಆಮೇಲೆ ಕಣ್ಣೆಲ್ಲ ಅರಿಶಿನ ಆಯ್ತು. ಆಮೇಲೆ ಹೊಟ್ಟೆ ಉಬ್ಬಿತು. ನೀನೇ ಹೇಳಪ್ಪ, ಕುಡಿತವೇ ಇಲ್ಲದ ಹೆಂಗಸಿನ ಲಿವರ್ ಯಾಕೆ ಕೊಳೀತು?"

ಆ ಏಟು ಕೋಲಿನದ್ದಲ್ಲ. ಬೆಂಕಿಮಾವನಿಗೆ ಬಿದ್ದ ಜಾಗ ಯಾರಿಗೂ ಕಾಣಲಿಲ್ಲ. ಅವನು ಅಳಿಯನ ಕೈಯಿಂದ ಗುಂಡನ್ನು ಕಿತ್ತುಕೊಂಡು, ಗೋಡೆ ಬದಿಯ ಮಣೆಯ ಮೇಲೆ ಎಲ್ಲರಿಗೂ ಬೆನ್ನು ಹಾಕಿ ಕೂತ.

ಹಳೆಯ ಹಾಸಿಗೆ ಬಿಚ್ಚಿದ ಹತ್ತಿಯಲ್ಲಿ ಏನಿರುತ್ತದೆ ಎಂದು ಹೇಳಲಾಗದು. ಸೂಜಿ, ಪಿನ್ನು, ಕೂದಲಿನ ಕ್ಲಿಪ್ಪು. ಒಮ್ಮೆ ಒಂದು ಇಡೀ ಬಾಗಿಲಿನ ಬೀಗವೇ ಸಿಕ್ಕಿತ್ತು. ಹಿಂಜುವ ಯಂತ್ರದ ಉರುಳೆಗೆ ಮೈತುಂಬ ಕಬ್ಬಿಣದ ಹಲ್ಲು; ಅದು ತಿರುಗುವಾಗ ಒಂದು ಮೊಳೆ ಸಿಕ್ಕರೂ ಕಿಡಿ ಹಾರುತ್ತದೆ. ಆದ್ದರಿಂದ ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ಪ್ರತಿ ರಾಶಿಯಲ್ಲೂ ಆಡಿಸದೆ ಒಂದು ಹಿಡಿ ಹತ್ತಿಯೂ ಯಂತ್ರದ ಬಾಯಿಗೆ ಹೋಗುವಂತಿಲ್ಲ. ಆ ಕೆಲಸ ಬೆಂಕಿಮಾವನದು. ಬೇರೆ ಯಾರಾದರೂ ಆ ಕೋಲು ಮುಟ್ಟಿದರೆ ಮೂರು ದಿನ ಊಟ ಬಿಡುತ್ತಿದ್ದ. ಹೀಗಾಗಿ ಯಾರೂ ಮುಟ್ಟುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಮಾವ ಆಡಿಸಿರುತ್ತಾನೆ, ಅಷ್ಟೇ.

ಮಗಳು ಸ್ವಿಚ್ ಒತ್ತಿದಳು. ಉರುಳೆ ಗುಡುಗಿತು. ಅಳಿಯ ಕುಂಟುತ್ತಾ, ಹಲ್ಲು ಕಚ್ಚುತ್ತಾ, ತಾವಿಬ್ಬರೂ ಉರುಳಾಡಿದ ಅದೇ ರಾಶಿಯನ್ನು ತಬ್ಬಿ ಎತ್ತಿದ.

ಬೆಂಕಿಮಾವ ತಿರುಗಿ ನೋಡಿದ. ಆ ರಾಶಿಯೊಳಗೆ ಉದುರಿದ ಮೊಳೆಗಳು ಅವನಿಗೆ ನೆನಪಿದ್ದವು. ಒಂದು ಅವನ ಬೆನ್ನಿಗೇ ಚುಚ್ಚಿತ್ತು. ಬಾಯಿ ತೆರೆದ. ಆದರೆ ಈಗ ಕೂಗಿದರೆ ಅಳಿಯನ ಹತ್ತಿರ ತಾನೇ ಮೊದಲು ಮಾತಾಡಿದಂತಾಗುತ್ತದೆ. ಅವನೇ ಬಂದು ಕೇಳಲಿ, ಮಾವ ಅಯಸ್ಕಾಂತ ಆಡಿಸಿದ್ರಾ ಎಂದು ಒಂದು ಸಲ ಕೇಳಲಿ. ತೆರೆದ ಬಾಯನ್ನು ಬೆಂಕಿಮಾವ ಮುಚ್ಚಿಕೊಂಡ.

ಯಂತ್ರ ಒಂದು ಸಲ ಕಟಕಟ ಎಂದಿತು. ನೀಲಿ ಕಿಡಿಯೊಂದು ಹಾರಿ ಗಾಳಿಯಲ್ಲಿದ್ದ ಹತ್ತಿಯ ಎಳೆಗಳಿಗೆ ತಾಗಿತು. ಅಷ್ಟೇ. ಬೆಂಕಿ ನಡೆಯಲಿಲ್ಲ, ಓಡಲೂ ಇಲ್ಲ, ಇಡೀ ಕೋಣೆಯ ತುಂಬ ಒಮ್ಮೆಲೇ ಇತ್ತು. ಹಿಂಜಿದ ಹತ್ತಿ, ಹಿಂಜದ ಹತ್ತಿ, ಗೋಡೆಗೊರಗಿಸಿದ ಹಾಸಿಗೆಗಳು, ಎಲ್ಲಕ್ಕೂ ಒಟ್ಟಿಗೆ ನಾಲಿಗೆ ಮೂಡಿತು. ಹೊಲಿಗೆಯಮ್ಮ ಹೊಸ್ತಿಲು ಹಾರಿ ಬೀದಿಗೆ ಬಿದ್ದಳು. ಅವಳ ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಮರಳಿನ ಬಕೆಟ್‌ಗಳು ಹಾಸಿಗೆಗಳ ಹಿಂದೆಲ್ಲೋ ಹೂತುಹೋಗಿದ್ದವು. ಅಳಿಯ ಉರಿಯುವ ಮೂಟೆಗಳನ್ನು ಕೊಕ್ಕೆಯಿಂದ ಎಳೆದು ಬೇರೆ ಮಾಡಲು ನುಗ್ಗಿದ. ಅವನ ತೋಳಿನ ಕೂದಲು ಸುಟ್ಟ ವಾಸನೆ ಬೀದಿಯವರೆಗೂ ಬಂತು.

ಬೆಂಕಿಮಾವ ಎದ್ದು ನಿಂತ. ಮಂಡಿನೋವು ಎಲ್ಲಿ ಹೋಯಿತೋ! ಕೈಯಲ್ಲಿದ್ದ ಗುಂಡನ್ನು ಜೇಬಿಗಿಟ್ಟು, ಗೋಡೆಯಿಂದ ಒಂದನ್ನು ಎತ್ತಿದ, ಎಸೆದ.

ಠಳ್!

ಉರಿ ತಲೆ ತಗ್ಗಿಸಿತು. ನಿಜವಾಗಿಯೂ ತಗ್ಗಿಸಿತು.

"ನೋಡಿ ಸ್ವಾಮಿ, ನೋಡಿ!" ಬಾಗಿಲಲ್ಲಿ ಸೇರಿದ್ದ ಜನರ ಕಡೆಗೆ ಅವನು ಅರಚಿದ. "ವಿಷವಂತೆ! ಯಾವನು ಹೇಳಿದ್ದು ವಿಷ ಅಂತ?"

ಎರಡನೆಯದು. ಮೂರನೆಯದು. ಒಂದನ್ನು ಹಳೆಯ ಗತ್ತಿನಲ್ಲಿ, ಹಿಂದಕ್ಕೆ ನೋಡದೆ, ಹೆಗಲ ಮೇಲಿಂದ ಎಸೆದ. ಅದು ಗುರಿಗೇ ಬಿತ್ತು. ಯಂತ್ರದ ಮೇಲಿನ ಜ್ವಾಲೆ ಕುಗ್ಗಿ ಕುಗ್ಗಿ ಅದರ ಜಾಗದಲ್ಲಿ ಬೆಳ್ಳಗಿನ ದಪ್ಪ ಹೊಗೆ ಎದ್ದಿತು. ಮೂಗಿಗೆ ಮೊದಲು ಸಿಹಿ, ಆಮೇಲೆ ಕೊಳೆತ ಹುಲ್ಲು, ಆಮೇಲೆ ಚೂರಿ. ಹತ್ತಿ ಹಾರಬಾರದೆಂದು ಸದಾ ಮುಚ್ಚಿರುತ್ತಿದ್ದ ಕಿಟಕಿಗಳ ಕೋಣೆ ಅದು. ಹೊಗೆಗೆ ಹೋಗಲು ಎಲ್ಲೂ ಜಾಗವಿರಲಿಲ್ಲ. ಬಯಲಲ್ಲಿ ಗುಡಿಸಲು ಸುಟ್ಟು ತೋರಿಸಿದವನಿಗೆ ಮುಚ್ಚಿದ ಕೋಣೆಯಲ್ಲಿ ಎಸೆದು ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಎಸೆದಿರಲಿಲ್ಲ.

ಹೊಗೆಯೊಳಗೆ ಅಳಿಯ ಎರಡು ಸಲ ಕೆಮ್ಮಿದ. ಮೂರನೆಯ ಕೆಮ್ಮಿಗೆ ಬಾಯಿಂದ ನೊರೆ ಬಂತು. ಕೊಕ್ಕೆ ಬಿಟ್ಟು ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡು, ಮೊದಲು ಮಂಡಿಯ ಮೇಲೆ, ಆಮೇಲೆ ಮುಖದ ಮೇಲೆ ಬಿದ್ದ.

"ನಾಟಕ ಆಡ್ತಾನೆ," ಎಂದ ಬೆಂಕಿಮಾವ. ಹೇಳುವಾಗ ಅವನದೇ ಎದೆ ಸೀಳಿದಂತಾಯಿತು, ಕಣ್ಣಿಗೆ ಸುಣ್ಣ ಎರಚಿದಂತಾಯಿತು.

ನೀರಿಗೆಂದು ಹೊರಗೋಡಿದ್ದ ಮಗಳು ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ನುಗ್ಗಿದಳು. ಗಂಡನ ತೋಳು ಹಿಡಿದು ಜಗ್ಗಿದಳು. ಎತ್ತುಗಳು ದಾರಿ ಬಿಡುವ ತೋಳು ಅವತ್ತು ಅವನನ್ನು ಒಂದು ಗೇಣೂ ಕದಲಿಸಲಿಲ್ಲ. ಅವಳೂ ಕೂತುಬಿಟ್ಟಳು. ಉಳಿದಿದ್ದದ್ದು ಮೂಲೆಯ ಒಂದೇ ಉರಿ, ಹಾಸ್ಟೆಲ್ ಹಾಸಿಗೆಗಳ ರಾಶಿಯ ಮೇಲಿನದು. ಬೆಂಕಿಮಾವನ ಕೈ ಜೇಬಿಗೆ ಹೋಗಿ, ಅಲ್ಲಿದ್ದ ಗುಂಡನ್ನು ಹಿಡಿದು ಮೇಲೆದ್ದಿತ್ತು. ಇದೊಂದು ಬಿದ್ದರೆ ಮುಗಿಯಿತು. ಕಾರ್ಖಾನೆ ಉಳಿಯಿತು. ಬಾಗಿಲಲ್ಲಿದ್ದ ಅಷ್ಟೂ ಜನ ಆ ಕೈಯನ್ನೇ ನೋಡುತ್ತಿದ್ದರು.

"ಅಪ್ಪಾ, ಎಸೀಬೇಡ!"

ಕೂಗಿದ್ದು ಮಗಳೇ, ಆದರೆ ಆ ದನಿ ಅವಳದಾಗಿರಲಿಲ್ಲ. ಅವಳ ಅಮ್ಮ ಬಚ್ಚಲ ಮುಚ್ಚಿದ ಬಾಗಿಲಿನ ಹಿಂದಿನಿಂದ ಕೆಮ್ಮುತ್ತಾ, ಇನ್ನೊಂದೇ ಒಂದು ಅಂಗಿ ಇದೆ, ಬಂದೆ ಎನ್ನುತ್ತಿದ್ದಂಥ ದನಿ.

ಕೈ ಇಳಿಯಿತು. ಗುಂಡು ಜೇಬಿಗೆ ಹೋಯಿತು. ನೆಲದಲ್ಲಿ ತಡಕಾಡಿ ಸಿಕ್ಕ ಸುತ್ತಿಗೆಯಿಂದ ಬೆಂಕಿಮಾವ ಕಿಟಕಿಗೆ ಹೊಡೆದ. ಗಾಜು ಸಿಡಿದು ಕೆನ್ನೆ ಹರಿಯಿತು. ಇನ್ನೊಂದು ಕಿಟಕಿಗೆ ಹೊಡೆದ. ಮರದ ಚೌಕಟ್ಟಿಗೇ ಹೊಡೆದ. ಉಗುರು ಎದ್ದುಬಂತು. ಹೊಡೆಯುತ್ತಲೇ ಇದ್ದ, ಅಷ್ಟೂ ವರ್ಷ ಆ ಕಿಟಕಿಗಳೇ ಅವನಿಗೆ ಮೋಸ ಮಾಡಿದ್ದವೇನೋ ಎಂಬಂತೆ. ಹೊರಗಿನ ಗಾಳಿ ಒಳಗೆ ನುಗ್ಗಿತು, ಹೊಗೆ ಹೊರಗೆ ನುಗ್ಗಿತು, ಕುಗ್ಗಿದ್ದ ಬೆಂಕಿ ಗಾಳಿ ಕುಡಿದು ಗಹಗಹಿಸಿ ಎದ್ದು ನಿಂತಿತು. ಜಂತಿಗೆ ಹತ್ತಿತು. ಬೆಂಕಿಮಾವ ಅದರ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ತಾನೇ ಕಚ್ಚಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಗಾಳಿ ಸಿಕ್ಕ ಮಗಳು ಎದ್ದು ಇನ್ನೊಂದು ಕಾಲು ಹಿಡಿದಳು. ಅಳಿಯನ ತಲೆ ಹೊಸ್ತಿಲಿಗೆ ಠಪ್ಪೆಂದು ಬಡಿಯಿತು. ಆ ಏಟಿಗೇ ಅವನಿಗೆ ಉಸಿರು ಬಂತು ಎಂದು ಹೊಲಿಗೆಯಮ್ಮ ಆಮೇಲೆ ಎಲ್ಲರಿಗೂ ಹೇಳಿದಳು.

ಸೂರು ಕುಸಿಯಿತು. ಗೋಡೆಯಲ್ಲಿ ಉಳಿದಿದ್ದ ಗುಂಡುಗಳು ಕಾವಿಗೆ ಒಂದಾದ ಮೇಲೊಂದು ಸಿಡಿದವು. ಒಂದೊಂದು ಸದ್ದಿಗೂ ಬೆಂಕಿಮಾವನ ಹೆಗಲು ಅದುರುತ್ತಿತ್ತು. "ಹಿಂದೆ ಹೋಗಿ, ಆ ಹೊಗೆ ಕುಡೀಬೇಡಿ," ಎಂದು ಅವನೇ ಜನರನ್ನು ಅಟ್ಟಿದ. ಹೋಗದ ಇಬ್ಬರಿಗೆ ಕಪಾಳಕ್ಕೆ ಬಾರಿಸಿದ.

ಅಗ್ನಿಶಾಮಕದವರು ಬಂದರು. ಆಂಬುಲೆನ್ಸ್ ಬಂತು. ಬಾಯಿಗೆ ಆಕ್ಸಿಜನ್ ಮುಖವಾಡ ಕಟ್ಟಿಸಿಕೊಂಡು ಮಲಗಿದ್ದ ಅಳಿಯ ಕಣ್ಣು ಬಿಟ್ಟು ಮಾವನನ್ನು ನೋಡಿ, ಮುಖವಾಡ ಪಕ್ಕಕ್ಕೆ ಸರಿಸಿದ.

"ಮಾವ... ಅಷ್ಟು ಬೆಂಕಿಗಿಂತ... ನೀವು ಕಚ್ಚಿದ್ದೇ ಉರೀತಿದೆ."

"ಮಾತಾಡಿಸ್ಬೇಡಿ," ಎಂದ ಆಂಬುಲೆನ್ಸ್‌ನವನು. "ಈ ಗಾಳಿ ಕುಡಿದೋರು ಮೊದಲು ಚೆನ್ನಾಗೇ ಇರ್ತಾರೆ. ಶ್ವಾಸಕೋಶ ಕೈ ಕೊಡೋದು ಆಮೇಲೆ. ನಾಳೆವರೆಗೂ ಏನೂ ಹೇಳೋಕಾಗಲ್ಲ."

ಮಗಳು ಆಂಬುಲೆನ್ಸ್ ಏರಿ ಕೂತಳು. ಬೆಂಕಿಮಾವ ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಅವಳು ಅವನ ಉಬ್ಬಿದ ಜೇಬು ನೋಡಿದಳು.

"ಅದನ್ನಿಟ್ಕೊಂಡು ಹತ್ತಬೇಡಪ್ಪ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಕಾಲು ತೆಗೆದ. ಬಾಗಿಲು ಮುಚ್ಚಿತು, ಗಾಡಿ ಹೋಯಿತು.

"ಎಸೀರಿ ಯಜಮಾನ್ರೇ, ಆ ದರಿದ್ರಾನ ಅತ್ಲಾಗೆ," ಎಂದಳು ಹಣೆಗೆ ಬಟ್ಟೆ ಕಟ್ಟಿಕೊಂಡ ಹೊಲಿಗೆಯಮ್ಮ. "ಎಸೆದು ಆಸ್ಪತ್ರೆಗೆ ನಡೀರಿ."

ಅವನು ಜೇಬಿಂದ ಗುಂಡು ತೆಗೆದ. ಒಂದು ಬಿರುಕೂ ಇರಲಿಲ್ಲ. ಚರಂಡಿಯ ಕಡೆ ನೋಡಿದ. ಚರಂಡಿ ಕೆಳಗಿನ ಮನೆಗಳ ಮುಂದೆ ಹಾದುಹೋಗುತ್ತಿತ್ತು. ಕಸದ ತೊಟ್ಟಿಯ ಕಡೆ ನೋಡಿದ. ಸಂಜೆಯಾದರೆ ಅದಕ್ಕೆ ಯಾರಾದರೂ ಕಡ್ಡಿ ಗೀರುತ್ತಿದ್ದರು. ಹೊಲಿಗೆಯಮ್ಮನ ಕಡೆ ಚಾಚಿದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

ಕೊನೆಗೆ ಬೆಂಕಿಮಾವ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತ. ಗುಂಡನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಮುಚ್ಚಿದ. ಅಗ್ನಿಶಾಮಕದವರ ಕೊಳವೆ ಅವನ ಕಾಲ ಪಕ್ಕದಲ್ಲೇ ಮತ್ತೆ ಮತ್ತೆ ಹರಿದಾಡುತ್ತಿತ್ತು. ಪ್ರತಿ ಸಲವೂ ಅವನು ಉಸಿರು ಬಿಗಿಹಿಡಿದು, ಮೈ ಕದಲಿಸದೆ, ಅದು ಗುಂಡಿಗೆ ತಾಗದೆ ದಾಟಿಹೋಗುವವರೆಗೆ ಕಾಯುತ್ತಿದ್ದ.