ಬಂದ್ಬಿಟ್ಟೆ ಅಪ್ಪಾಜಿ

ತಲೆಗೆ ಎರೆದುಕೊಳ್ಳುವ ದಿನದ ವಾಸನೆ, ಬಚ್ಚಲ ಹಬೆ, ನೆತ್ತಿಯ ಮೇಲೆ ಅಮ್ಮನ ಅಂಗೈ ತಪತಪ, ಹೊಳೆನರಸೀಪುರದ ರಸ್ತೆಗೆ ಈ ವಾಸನೆ ಎಲ್ಲಿಂದ ಬಂತು ಎಂದು ಚಕ್ರೇಶ್ವರಿಯ ಮೂಗು ಕೇಳುವಷ್ಟರಲ್ಲಿ ಸ್ಟೀರಿಂಗು ಅವಳ ಕೈಯಲ್ಲಿ ಹತ್ತಿಯ ಹಾಗೆ ಹಗುರಾಯಿತು, ಕಾರು ಅವಳನ್ನು ಒಂದು ಮಾತೂ ಕೇಳದೆ ಎಡಕ್ಕೆ ಹೊರಟಿತು, ಬ್ರೇಕು ಒತ್ತಿದರೆ ಒತ್ತಿಕೋ ನನಗೇನು ಎಂದು ಜಾರಿತು, ಜಾರಿ, ಇನ್ನೂ ಜಾರಿ, ರಸ್ತೆ ಬದಿಯ ಮಣ್ಣಿಗೆ ಮೂತಿಯಿಟ್ಟು ನಿಂತಿತು — ಪಕ್ಕದ ಸೀಟಿನಲ್ಲಿ ಊಟದ ಕ್ಯಾರಿಯರ್ರು ಮಾತ್ರ ಬೆಲ್ಟು ಹಾಕಿಕೊಂಡು ಒಳ್ಳೆಯ ಮನೆತನದ ಹೆಣ್ಣಿನ ಹಾಗೆ ಕೂತಿತ್ತು. ಕೊಬ್ಬರಿ ಎಣ್ಣೆ. ಮುಂದೆ ಹೋಗುತ್ತಿದ್ದ ಲಗೇಜ್ ಆಟೋದಿಂದ ಡ್ರಮ್ಮು ಉರುಳಿ ಒಡೆದಿದೆ, ರಸ್ತೆಯುದ್ದಕ್ಕೂ ಮಿರಮಿರ, ಅದರೊಳಗೆ ಇಳಿಯುತ್ತಿರುವ ಸೂರ್ಯ, ಯಾರೋ ಇಬ್ಬರು ಆಗಲೇ ಚೊಂಬು ಹಿಡಿದು ಸೂರ್ಯನ ಸಮೇತ ಬಾಚಿಕೊಳ್ಳುತ್ತಿದ್ದಾರೆ, ಇಳಿದು ನೋಡಿದರೆ ನಾಲ್ಕೂ ಟೈರು ಅಭ್ಯಂಜನ ಮಾಡಿಕೊಂಡು ಫಳಫಳ. ಚನ್ನರಾಯಪಟ್ಟಣ ಇನ್ನೂ ಬೆನ್ನ ಹಿಂದೆ ಕಾಣುತ್ತಿದೆ, ಅವಳೋ ಅಪ್ಪಾಜಿಗೆ ಏನಂದಿದ್ದಾಳೆ, ಮನೆಯಲ್ಲಿ ಒಂದು ಕಾಲಿನ ಚಪ್ಪಲಿ ಹುಡುಕುತ್ತಿದ್ದಾಗ ಫೋನು ಬಂತು, ಎಲ್ಲಿದೀಯಮ್ಮ, ಬಂದ್ಬಿಟ್ಟೆ ಅಪ್ಪಾಜಿ, ಊರು ಕಾಣ್ತಾ ಇದೆ. ಹಾಗೆ ಅನ್ನದವರು ಯಾರಿದ್ದಾರೆ ಈ ಸೀಮೆಯಲ್ಲಿ, ನಲ್ಲಿ ರಿಪೇರಿಯ ಕಾಂತರಾಜು ತನ್ನ ಮನೆಯ ಹಾಸಿಗೆಯಿಂದಲೇ ನಿಮ್ ಗೇಟ್ ತಾವೇ ಇವ್ನಿ ಮೇಡಂ ಅನ್ನುತ್ತಾನೆ, ಅರ್ಧ ದನಿ ಮೂಗಿನಲ್ಲಿ, ಅರ್ಧ ದಿಂಬಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವಳು ಅದೇ ದನಿ ತೆಗೆದು ಅಣಕಿಸಿದರೆ ಪ್ರಿನ್ಸಿಪಾಲರೂ ಟೀ ಉಗುಳಿಕೊಂಡು ನಗುತ್ತಾರೆ. ಬಂದ್ಬಿಟ್ಟೆ ಅಂದರೆ ಈಗ ಹೊರಡುತ್ತೇನೆ, ಹೊರಟೆ ಅಂದರೆ ಇನ್ನು ಸ್ನಾನಕ್ಕೆ ಹೋಗುತ್ತೇನೆ, ಎಲ್ಲರಿಗೂ ಗೊತ್ತಿರುವ ಲೆಕ್ಕ, ಅಪ್ಪಾಜಿ ಒಬ್ಬರಿಗೆ ಗೊತ್ತಿಲ್ಲ — ಸರಿ ಕಣಮ್ಮ, ಹಂಗಾದ್ರೆ ಸೂಜಿ ಚುಚ್ಕೊಂಡ್ಬಿಡ್ತೀನಿ ಅಂದರು, ಫೋನು ಇಟ್ಟರು. ತಾಳಿ ಅನ್ನಬಹುದಿತ್ತು. ತಾಳಿ ಅಂದಿದ್ದರೆ ಇನ್ನೂ ಚಪ್ಪಲಿ ಹುಡುಕುತ್ತಿದ್ದದ್ದು ಗೊತ್ತಾಗುತ್ತಿತ್ತು, ಅಷ್ಟೇ, ಅಷ್ಟಕ್ಕೇ ನಾಲಿಗೆ ಏಳಲಿಲ್ಲ. ಆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿಕೊಂಡ ಅರ್ಧ ಗಂಟೆಗೆ ಹೊಟ್ಟೆಗೆ ತುತ್ತು ಬೀಳಬೇಕು, ಬೀಳದಿದ್ದರೆ ಬೆವರು, ನಡುಕ, ಒಂದು ಸಲ ಪಾತ್ರೆ ಅಂಗಡಿಯ ಗಲ್ಲಾದ ಪಕ್ಕದಲ್ಲೇ ಕುಸಿದಿದ್ದರು, ಮೇಲೆ ಬಿದ್ದ ಬೋಗುಣಿಗಳ ಸದ್ದು ಪೇಟೆಗೆಲ್ಲ ಕೇಳಿತ್ತಂತೆ, ಆಮೇಲೆ ಹೊತ್ತು ಮುಳುಗಿದರಂತೂ ನೀರನ್ನೂ ಮುಟ್ಟದ ಜೈನ ನೇಮ, ಹೋಟೆಲಿನದು ಬೇಡ, ಮನೆಯ ಅಡಿಗೆಯೇ ಆಗಬೇಕು, ಅಮ್ಮ ಶ್ರವಣಬೆಳಗೊಳಕ್ಕೆ ಪೂಜೆಗೆ ಹೋಗಿರುವ ಈ ಒಂದು ಸಂಜೆಯ ಊಟ ಮಗಳ ಪಾಲು, ಒಂದೇ ಒಂದು ಸಂಜೆ. ಅವ್ವಾ, ಹಂಗೇ ಓಡ್ಸಿದ್ರೆ ಮುಂದ್ಲ ತಿರುವ್ನಾಗೆ ನೆಟ್ಟಗೆ ಕೆರೆಗೇ ಓಯ್ತೀರ — ಇದು ರಸ್ತೆ ಬದಿ ಪಂಚರ್ ಅಂಗಡಿಯ ಕೆಂಚಯ್ಯ, ಬೀಡಿ ಕಚ್ಚಿಕೊಂಡೇ ಮಾತು, ಸೀಮೆಎಣ್ಣೆ ತತ್ತೀನಿ ತಡೀರಿ, ಒಂದು ಒರಸು ಒರಸ್ಬುಟ್ರೆ ಆಯ್ತು. ಬೇಡ ಕೆಂಚಯ್ಯ, ರಬ್ಬರ್ ಹಾಳಾಗುತ್ತೆ, ಸೋಪಿನ ಪುಡಿ ಇದ್ರೆ ಕೊಡಿ, ನೀರು, ಬ್ರಷ್ಷು. ಎಣ್ಣೆ ನೀರು ಮಾಡ್ಸೋದಾದ್ರೆ ಸೀಗೇಪುಡೀನೇ ತರ್ಸವಾ ಮೇಡಮ್ಮೋರೆ, ಕೂಸಿಗೆ ಸಾಂಬ್ರಾಣಿ ಹೊಗೇನೂ ಹಾಕ್‌ಬುಡವಾ? ಬೇರೆ ದಿನವಾಗಿದ್ದರೆ ಅವನ ಬೀಡಿಯ ಸಮೇತ ಆ ದನಿಯನ್ನು ಸ್ಟಾಫ್ ರೂಮಿಗೆಂದು ಎತ್ತಿಟ್ಟುಕೊಳ್ಳುತ್ತಿದ್ದಳು, ಈಗ ಸೀರೆ ಸೊಂಟಕ್ಕೆ ಸಿಕ್ಕಿಸಿ ಟೈರಿನ ಗೀರುಗೀರಿನೊಳಗೆ ಬ್ರಷ್ಷು, ತಿಕ್ಕು, ನೊರೆ, ಮತ್ತೂ ಜಿಡ್ಡು, ನೆಲಕ್ಕೆ ಅಂಟಿದ ಭಾಗ ಸಿಗುವುದೇ ಇಲ್ಲ, ಅರ್ಧ ಸುತ್ತು ಮುಂದಕ್ಕೆ ಬುಡಿ ಅಂದ ಕೆಂಚಯ್ಯ, ಬಿಟ್ಟಳು, ತಿಕ್ಕು, ಇನ್ನರ್ಧ, ತಿಕ್ಕು, ಒಂದು ಟೈರು ಆಯಿತು, ಆಯಿತೇ, ಬೆರಳಿಟ್ಟರೆ ಇನ್ನೂ ಜಾರು, ಮತ್ತೆ ಸೋಪು. ಅಪ್ಪಾಜಿ ಈಗ ಹೊಳೆನರಸೀಪುರದ ಅಂಗಡಿಯ ಬಾಗಿಲು ಎಳೆದು ಒಳಗೆ ಮಣೆ ಹಾಕಿಕೊಂಡಿರುತ್ತಾರೆ, ಊಟಕ್ಕೆ ಕೈ ತೊಳೆದರೆ ಮುಗಿಯಿತು, ಬೇರೆ ಏನನ್ನೂ ಮುಟ್ಟುವುದಿಲ್ಲ, ಬಲಗೈಯನ್ನು ಖಾಲಿ ತಟ್ಟೆಯ ಮೇಲೆ ಹಾಗೇ ಎತ್ತಿ ಹಿಡಿದಿರುತ್ತಾರೆ, ಒದ್ದೆ ಕೈ, ಅಮ್ಮ ಬಡಿಸುವ ತನಕ, ಚಿಕ್ಕಂದಿನಲ್ಲಿ ಅವಳು ಎದುರು ಕೂತು ಹಾಗೇ ಕೈ ಎತ್ತಿ ಅವರದೇ ಗಾಂಭೀರ್ಯದ ಮುಖ ಮಾಡುತ್ತಿದ್ದಳು, ಅವರು ನಕ್ಕು ಕೈಯ ನೀರನ್ನೇ ಅವಳ ಮುಖಕ್ಕೆ ಚಿಮುಕಿಸುತ್ತಿದ್ದರು. ಫೋನು ಮಾಡು. ಮಾಡಿದಳು. ರಿಂಗಾಯಿತು, ಎತ್ತಲಿಲ್ಲ, ಮತ್ತೆ ರಿಂಗಾಯಿತು — ತೊಳೆದಿದ್ದಾರೆ, ಕೈ ತೊಳೆದುಬಿಟ್ಟಿದ್ದಾರೆ. ಎರಡನೇ ಟೈರು. ಸೂರ್ಯ ತೆಂಗಿನ ತಲೆಗಳಿಗಿಂತ ಕೆಳಗೆ ಬಂದ, ಇನ್ನೂ ಇದ್ದಾನೆ, ಇದ್ದಾನೆ, ಸೂರ್ಯ ಇರುವಾಗಲೇ ಒಂದು ಚೂರು ಬೆಲ್ಲ ಬಾಯಿಗೆ ಹೋದರೂ ಸಾಕಲ್ಲ, ಅಪ್ಪಾಜಿಯ ಪಕ್ಕದಲ್ಲೇ ಭರತೇಶನ ಬಟ್ಟೆ ಅಂಗಡಿ ಇದೆಯಲ್ಲ, ಇದು ಇಷ್ಟು ಹೊತ್ತು ಹೊಳೆಯದೆ ಸೋಪಿನ ನೊರೆಯಲ್ಲಿ ಕೂತಿದ್ದ ತಲೆಗೆ ಏನನ್ನಬೇಕು. ಅವನಿಗೆ ಫೋನು. ಭರತೇಶ, ಬೇಗ ಅಪ್ಪಾಜಿ ಹತ್ರ ಹೋಗು, ಬೆಲ್ಲ ತಿನ್ನಿಸು, ನಾನು ಇನ್ನೂ ಚನ್ನರಾಯಪಟ್ಟಣದ ಹತ್ರಾನೇ ಇದೀನಿ. ಅವನು ಓಡಿದ ಚಪ್ಪಲಿಯ ಸದ್ದು, ಶಟರಿನ ಸದ್ದು, ಅವನ ಏದುಸಿರು, ಅಕ್ಕಾ, ಮಾವ ತಟ್ಟೆ ಮುಂದೆ ಕೂತವ್ರೆ, ಬೆಲ್ಲ ಕೊಟ್ರೆ ಬೇಡ ಅಂತವ್ರೆ, ನನ್ ಮಗಳು ಬಂದ್ಬಿಟ್ಲು ಅಂತವ್ರೆ, ಹಣೆಯೆಲ್ಲ ಬೆವರು ಅಕ್ಕಾ, ನೀವೇ ಯೋಳಿ, ಫೋನ್ ಅವ್ರ ಕಿವಿಗೆ ಹಿಡೀತೀನಿ. ಅಪ್ಪಾಜಿ. ಅಪ್ಪಾಜಿ, ನಾನಿನ್ನೂ ಚನ್ನರಾಯಪಟ್ಟಣದ ಪಕ್ಕದಲ್ಲೇ ಇದೀನಿ, ರಸ್ತೆ ಮೇಲೆ ಎಣ್ಣೆ ಚೆಲ್ಲಿದೆ, ಟೈರೆಲ್ಲ ಎಣ್ಣೆ, ಕಾರು ಹೋಗ್ತಾ ಇಲ್ಲ, ಭರತೇಶ ಕೊಟ್ಟ ಬೆಲ್ಲ ತಿನ್ನಿ, ಈಗಲೇ ತಿನ್ನಿ. ಆ ಕಡೆ ನಗು, ಸಣ್ಣ, ತೊದಲುವ ನಗು. ಸಾಕು ಬಾರಮ್ಮ ನಿನ್ ನಾಟಕ, ಹೋದ್ ಸಲಾನೂ ಲಾರಿ ಅಡ್ಡ ಬಿದ್ದದೆ ಅಂತ ಫೋನ್ ಮಾಡಿ ಬಾಗ್ಲು ಹಿಂದೇನೇ ನಿಂತಿದ್ಯಲ್ಲ, ಬಾ ಒಳಕ್ಕೆ. ಇಲ್ಲ ಅಪ್ಪಾಜಿ, ನಿಜ, ದೇವರಾಣೆ ನಿಜ — ಅವಳ ದನಿ ಅವಳಿಗೇ ನಾಟಕದ ದನಿಯ ಹಾಗೆ ಕೇಳುತ್ತಿದೆ, ಅಳು ಬಂದರೆ ಅದೂ ಹಾಗೇ, ಎಷ್ಟು ಚೆನ್ನಾಗಿ ಅಳ್ತೀಯಮ್ಮ, ಬಾ ಬಾ, ಕೈ ಆರ್ತಾ ಐತೆ. ಭರತೇಶ, ಬಾಗಿಲು ತೆಗೆದು ತೋರಿಸು, ನಾನಿಲ್ಲ ಅಂತ ತೋರಿಸು. ತೋರಿಸಿದೆ ಅಕ್ಕಾ, ನೋಡ್ತಾನೇ ಇಲ್ಲ, ನಗ್ತಾವ್ರೆ. ಸೂರ್ಯ ಅರ್ಧ. ಬ್ರಷ್ಷಿನಿಂದ ನೊರೆ ತೊಟ್ಟಿಕ್ಕುತ್ತಿದೆ, ಕೆಂಚಯ್ಯ ಬೀಡಿ ಕೆಳಗೆ ಹಾಕಿ ಏನಾಯ್ತವ್ವ ಅನ್ನುತ್ತಿದ್ದಾನೆ. ಕೈ ಇಳ್ಸಿದ್ರಾ ಭರತೇಶ? ಇಲ್ಲ ಅಕ್ಕಾ. ಈಗ? ಇಲ್ಲ. ಖಾಲಿ ತಟ್ಟೆ, ಅದರ ಮೇಲೆ ಎತ್ತಿ ಹಿಡಿದ ಬಲಗೈ, ಬೆರಳ ತುದಿಯಲ್ಲಿ ಇನ್ನೂ ಆರದ ನೀರು, ಕೈ ನಡುಗುತ್ತಿದೆ, ಇಳಿಯುತ್ತಿಲ್ಲ, ಆ ಕೈ —